ಟ್ರಾಟ್ನರಮ್ಮನ ಮೆಟ್ಟಿಲು

ನೊರೆ ಇಳೀತಾ ಇದೆ, ಮೇಲಿನ ಮೆಟ್ಟಿಲಿಂದ ನಡುವಿನದಕ್ಕೆ, ನಡುವಿನದರಿಂದ ಕೆಳಗಿನದಕ್ಕೆ, ಮೂಲೆಯಲ್ಲಿ ಒಂದೇ ಒಂದು ಗುಳ್ಳೆ ನಿಂತುಬಿಟ್ಟಿದೆ, ಅದರೊಳಗೆ ಎದುರುಮನೆ ಬಾಗಿಲು ಕಿಟಕಿ ಸಮೇತ ತಲೆಕೆಳಗಾಗಿ ಕೂತಿದೆ, ಒಡೀಬೇಡ ಕಣೇ, ಇರು, ಅವಳು ಬರೋವರೆಗಾದ್ರೂ ಇರು — ಒಡೀತು. ಹಾಳಾಗಿ ಹೋಗಲಿ. ಶಕುನ ಗಿಕುನ ನಂಬೋ ಪೈಕಿ ಅಲ್ಲ ನಾನು, ಬಾಲ್ಟಿಮೋರಿನ ಸಿಟಿ ಬಸ್ಸು ಓಡಿಸಿ ಸೊಂಟ ಸವೆಸಿಕೊಂಡವಳು, ಕರಿ ಬೆಕ್ಕು ಅಡ್ಡ ಬಂದ್ರೆ ಹಾರ್ನ್ ಹೊಡೆದು ಮುಂದಕ್ಕೆ ಹೋಗ್ತಿದ್ದೆ, ಆದ್ರೂ ಇವತ್ತೊಂದು ದಿನ ಆ ಗುಳ್ಳೆ ನಿಂತಿದ್ದಿದ್ರೆ ಅದರಪ್ಪನ ಗಂಟೇನು ಹೋಗ್ತಿತ್ತು. ಶುಕ್ರವಾರ ಬೇರೆ. ಮೆಟ್ಟಿಲು ಉಜ್ಜೋದು ಶನಿವಾರ, ಈ ಬೀದಿ ಹುಟ್ಟಿದಾಗಿಂದ ಶನಿವಾರ, ಅಮ್ಮ ಇದ್ದಿದ್ರೆ ಬಾಗಿಲಿಗೆ ಒರಗಿ ನಿಂತು, ವರ್ಲೀನ್, ನಾಳೆ ಪ್ರಳಯ ಅಂತ ಯಾರಾದ್ರೂ ಹೇಳಿದ್ರಾ ನಿನಗೆ, ಅಂತಿದ್ಲು, ಇಲ್ಲಮ್ಮ, ಕೈ ಸುಮ್ನಿರ್ತಿಲ್ಲ, ಅದಕ್ಕೆ. ಕಾರ್ಲಿಸ್ ಬೆಳಿಗ್ಗೆನೇ ಹೋಗಿದಾಳೆ, ನನ್ನ ಮೊಮ್ಮಗಳು, ನಿನ್ನ ಮರಿಮಗಳು, ನೀನು ತೊಡೆ ಮೇಲೆ ಕೂರಿಸ್ಕೊಂಡು ಮೆಕ್ಕೆಜೋಳದ ಬ್ರೆಡ್ಡು ತಿನ್ನಿಸ್ತಿದ್ಯಲ್ಲ ಅವಳೇ, ಈಗ ಆಂಬುಲೆನ್ಸ್ ಓಡಿಸ್ತಾಳೆ, ನಾನು ಬಸ್ಸು, ಅವಳು ಆಂಬುಲೆನ್ಸು, ನಮ್ಮ ವಂಶಕ್ಕೆ ಸ್ಟೀರಿಂಗು ಅಂಟಿಕೊಂಡಿದೆ — ಅವಳು ಸಹಿ ಹಾಕೋಕೆ ಹೋಗಿದಾಳಮ್ಮ, ಎದುರುಮನೆ ತಗೊಳ್ಳೋಕೆ, ಹ್ಞೂ, ಅದೇ ಮನೆ, ಟ್ರಾಟ್ನರಮ್ಮನ ಮನೆ. ಬೀಗದಕೈ ಸಿಕ್ಕಿದ ತಕ್ಷಣ ಫೋನ್ ಮಾಡ್ತೀನಿ ಅಜ್ಜಿ ಅಂದಿದಾಳೆ, ಫೋನು ಏಪ್ರನ್ ಜೇಬಲ್ಲಿ ಸತ್ತ ಇಲಿ ಹಾಗೆ ಬಿದ್ದಿದೆ. ಹಿಂದೆ ಎರಡು ಮನೆ ಹೀಗೇ ಹೋದ್ವು, ಇನ್ನೇನು ಆಯ್ತು ಅನ್ನೋ ಹೊತ್ತಿಗೆ ಯಾರೋ ನುಗ್ಗಿ ಎತ್ಕೊಂಡು ಹೋದ್ರು, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಅವಳು ಅಳಲಿಲ್ಲ, ನಾನೇ ಅತ್ತೆ. ಅವು ಹೋದ್ರೆ ಹೋಗಲಿ, ಅವು ಬರೀ ಮನೆ. ಇದು ಹೋಗಬಾರದು, ಇದು ಹೋದ್ರೆ ನಾನು ಅಮ್ಮನ ಫೋಟೋ ಮುಂದೆ ಹಾಯೋದು ಹೇಗೆ.

ಮೊದಲು ನೀರು, ಆಮೇಲೆ ಪುಡಿ, ಆಮೇಲೆ ಕಾಲುಜ್ಜೋ ಕಲ್ಲು, ಒಂದೇ ದಿಕ್ಕಿಗೆ ಉಜ್ಜು, ಸುತ್ತಿಸಬೇಡ, ಕೊನೇಲಿ ಬಕೆಟ್ಟು ಎತ್ತಿ ಒಂದೇ ಸಲ ಸುರಿ, ಅಮ್ಮ ನನಗೆ ಹೇಳಿಕೊಟ್ಟಿದ್ದು, ಅಮ್ಮನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಮದುವೆಗೆ ಮುಂಚಿಂದ ಬಿಳಿಯರ ಮನೆ ಮೆಟ್ಟಿಲು ಉಜ್ಜಿ ಉಜ್ಜಿ ಬಂದ ವಿದ್ಯೆ. ಒಂದಕ್ಕೊಂದು ಭುಜ ಕೊಟ್ಟು ನಿಂತ ಇಟ್ಟಿಗೆ ಮನೆಗಳು, ಪ್ರತಿ ಬಾಗಿಲಿಗೂ ಬಿಳಿ ಅಮೃತಶಿಲೆಯ ಮೂರು ಮೆಟ್ಟಿಲು, ಆಗ ಈ ಬೀದಿಯಲ್ಲಿ ಒಬ್ಬ ಕರಿಯನೂ ವಾಸ ಇರಲಿಲ್ಲ, ನಮ್ಮವರು ಬಂದ್ರೆ ಹಿಂಬಾಗಿಲಿಂದ ಬಂದು ಹಿಂಬಾಗಿಲಿಂದ ಹೋಗ್ತಿದ್ರು. ನಾವು ದೊಡ್ಡಪ್ಪನ ಮನೆಯ ಒಂದು ಕೋಣೆಯಲ್ಲಿ, ಅಪ್ಪನಿಗೆ ಉಕ್ಕಿನ ಕಾರ್ಖಾನೆ, ಕುಲುಮೆ ಮುಂದೆ ನಿಂತು ನಿಂತು ಹುಬ್ಬು ಸುಟ್ಟುಕೊಂಡಿದ್ದ, ಕೊಳ್ಳೋ ತಾಕತ್ತು ಇತ್ತು, ಮಾರೋ ಮನಸ್ಸು ಯಾರಿಗೂ ಇರಲಿಲ್ಲ, ಬಾಗಿಲು ತೆಗೆದು ಅಮ್ಮನ ಮುಖ ನೋಡಿದ್ದೇ ತಡ, ಅಯ್ಯೋ, ಈಗ ತಾನೇ ಹೋಯ್ತಲ್ಲ ಮನೆ, ಅನ್ನೋರು, ಈಗ ತಾನೇ ಹೋದ ಮನೆ ತಿಂಗಳುಗಟ್ಟಲೆ ಖಾಲಿ ಬಿದ್ದಿರೋದು. ಆಗ ಎದ್ದು ನಿಂತವಳು ಲೂವೇನಿಯಾ ಚಿಕ್ಕಮ್ಮ. ಅಮ್ಮನ ಒಡಹುಟ್ಟಿದ ತಂಗಿ, ಅಮ್ಮ ಕಬ್ಬಿಣದ ಬಾಣಲೆ ಬಣ್ಣ, ಚಿಕ್ಕಮ್ಮ ಹಾಲಿನ ಕೆನೆ ಬಣ್ಣ, ಒಂದೇ ಹೊಟ್ಟೆ, ನಮ್ಮವರನ್ನ ಗುಲಾಮರಾಗಿ ಇಟ್ಕೊಂಡಿದ್ದ ಕೆರೊಲಿನಾದ ಹಳೇ ಬಿಳಿ ಯಜಮಾನರು ಮಾಡಿಟ್ಟು ಹೋದ ಪಾಪ ಅದು, ಮನೆಯಲ್ಲಿ ಯಾರೂ ಅದರ ಮಾತೆತ್ತುತ್ತಿರಲಿಲ್ಲ, ಚಿಕ್ಕಮ್ಮ ಮಾತ್ರ ಆ ಪಾಪವನ್ನೇ ಬಂಡವಾಳ ಮಾಡ್ಕೊಂಡ್ಲು, ಬಿಳಿ ಕೈಗವಸು ಹಾಕಿ, ಟೋಪಿಯಿಂದ ಜಾಲರಿ ಇಳಿಬಿಟ್ಟು, ಬಿಳಿ ಹೆಂಗಸಿನ ಹಾಗೆ ಮೂಗು ಮೇಲಕ್ಕೆತ್ತಿ ಹೋಗಿ ಈ ಮನೆ ನೋಡಿ ಬಂದ್ಲು, ಅಡಿಗೆಮನೆ ಸ್ವಲ್ಪ ಕತ್ತಲು ಅಂತ ಕೊಂಕು ಬೇರೆ ತೆಗೆದ್ಲಂತೆ, ಪಾಪ ಅವರೇ ಸುಣ್ಣಬಣ್ಣ ಮಾಡಿಸಿಕೊಟ್ರು! ಅದನ್ನ ಹೇಳಿ ಹೇಳಿ ಹೊಟ್ಟೆ ಹಿಡ್ಕೊಂಡು ನಗೋಳು. ಮನೆ ಅವಳ ಹೆಸರಿಗಾಯ್ತು, ಅವಳ ಹೆಸರಿಂದ ಅಮ್ಮನ ಹೆಸರಿಗೆ ಬರೋಕೆ ಇನ್ನಷ್ಟು ದಿನ ಬೇಕು, ಅಕ್ಕಾ, ಸರಿಯಾಗಿ ಕೇಳಿಸ್ಕೋ, ಅಲ್ಲೀವರೆಗೆ ನೀನು ಕೆಲಸದವಳು, ಯಾರು ಕೇಳಿದ್ರೂ ಕೆಲಸದವಳು, ಕಾಗದ ಕೈಗೆ ಬರೋ ಮುಂಚೆ ಗೊತ್ತಾಯ್ತೋ, ಇವರು ಏನಾದ್ರೂ ಮಾಡಿ ಕಿತ್ಕೋತಾರೆ, ಮಗೂನ ಕಿಟಕಿ ಹತ್ರ ಬಿಡಬೇಡ. ಮಗು ಅಂದ್ರೆ ನಾನು, ಆರು ವರ್ಷದವಳು.

ಬಿಡಬೇಡ ಅಂದ್ರೆ ಬಿಡ್ತೀನಾ, ಪರದೆ ಕೆಳಗೆ ಮೂಗು ತೂರಿಸ್ಕೊಂಡು ಕೂತಿದ್ದೆ. ಶನಿವಾರ ಬೆಳಿಗ್ಗೆ, ಬೀದಿ ಉದ್ದಕ್ಕೂ ಬಿಳಿ ಹೆಂಗಸರು ಮಂಡಿಯೂರಿ ಉಜ್ತಾ ಇದಾರೆ, ಗರಗರ ಗರಗರ, ನಮ್ಮದೊಂದೇ ಮೆಟ್ಟಿಲು ಕೊಳಕು, ಅಪ್ಪ ಹೇಳಿದ, ಹೊರಗೆ ಹೋಗಬೇಡ ಐಡೆಲ್ಲಾ, ಅಮ್ಮ ಹೇಳಿದ್ಲು, ಶನಿವಾರದ ದಿನ ಕೊಳಕು ಬಿಟ್ರೇನೇ ಜನ ತಿರುಗಿ ನೋಡೋದು, ಅಂತ ಬಕೆಟ್ಟು ಎತ್ಕೊಂಡು ಹೋಗೇಬಿಟ್ಲು, ನೀಲಿ ಚೌಕಳಿ ಏಪ್ರನ್ನು, ತಲೆಗೆ ಬಟ್ಟೆ. ಅಷ್ಟು ಚೆನ್ನಾಗಿ ಉಜ್ಜಬಾರದಿತ್ತು ಅವಳು. ತನ್ನ ಮನೆ ಅಂತ ಉಜ್ಜಿದ್ಲು, ಮೊದಲ ಸಲ, ತನ್ನದೇ ಕಲ್ಲು, ತನ್ನದೇ ಬಕೆಟ್ಟು, ಕಲ್ಲು ಹೊಳೀತು ನೋಡಿ, ಆ ಹೊಳಪಿಗೇ ಎದುರುಮನೆ ಟ್ರಾಟ್ನರಮ್ಮ ಬೀದಿ ದಾಟಿ ಬಂದ್ಲು, ಕೆಂಪಗೆ ಗುಂಡಗೆ ಇದ್ಲು, ತೋಳು ಮಡಿಸಿದ್ಲು, ಏ ಹುಡುಗಿ, ಹೊಸ ಮನೆಯವರ ಕೆಲಸದವಳಾ ನೀನು? ಹೌದು ತಾಯಿ. ಕೈ ಚೆನ್ನಾಗಿದೆ, ಇದು ಮುಗಿಸಿ ನಮ್ಮದೂ ಒಂದು ಕೈ ಹಾಕಿಬಿಡು, ನಿಮ್ಮಮ್ಮನೋರು ಏನೂ ಅನ್ನಲ್ಲ ತಾನೆ? ಹುಡುಗಿ ಅಂತೆ, ಆರು ವರ್ಷದ ಮಗಳಿದ್ದವಳನ್ನ. ಅಮ್ಮ ತಲೆ ಎತ್ತಿ ಕಿಟಕಿ ಕಡೆ ನೋಡಿದ್ಲು, ನನ್ನ ಕಣ್ಣಿಗೆ ಅವಳ ಕಣ್ಣು ಸಿಕ್ತು, ಹಿಂದೆ ಸರಿ ಅಂತ ಹುಬ್ಬಿನಲ್ಲೇ ಹೇಳಿದ್ಲು, ಏನೂ ಅನ್ನಲ್ಲ ತಾಯಿ, ಅಂದ್ಲು. ಅಂದು ಬಕೆಟ್ಟು ಎತ್ಕೊಂಡು ಬೀದಿ ದಾಟಿ ಹೋಗಿ ಆ ಮೆಟ್ಟಿಲ ಮುಂದೆ ಮಂಡಿಯೂರಿ ಕೂತ್ಲು. ಅದನ್ನೂ ಹೊಳೆಯೋ ಹಾಗೇ ಉಜ್ಜಿದ್ಲು, ಅಮ್ಮನಿಗೆ ಕೆಟ್ಟದಾಗಿ ಕೆಲಸ ಮಾಡೋಕೆ ಬರ್ತಿರಲಿಲ್ಲ. ಟ್ರಾಟ್ನರಮ್ಮ ನೀರು ತಂದುಕೊಟ್ಲು, ಮನೆಯವರು ಕುಡಿಯೋ ಲೋಟದಲ್ಲಿ ಅಲ್ಲ, ಉಪ್ಪಿನಕಾಯಿ ಮುಗಿದ ಶೀಶೆಯಲ್ಲಿ, ಅಮ್ಮ ಥ್ಯಾಂಕ್ಸ್ ಹೇಳಿ ಶೀಶೇನ ಮೆಟ್ಟಿಲ ಮೇಲಿಟ್ಟು ಮುಟ್ಟದೆ ಎದ್ದು ಬಂದ್ಲು. ಅವಳು ಎದ್ದ ಜಾಗದಲ್ಲಿ, ಫುಟ್‌ಪಾತಿನ ಇಟ್ಟಿಗೆ ಮೇಲೆ, ಎರಡು ಒದ್ದೆ ಗುರುತು. ಅವಳ ಮಂಡಿಯದು. ದುಂಡಗೆ, ಸಾಸರಿನಗಲ, ಪಕ್ಕಪಕ್ಕ. ಆ ಕಡೆ ನೆರಳು, ಬೇಗ ಒಣಗಲಿಲ್ಲ, ಅಮ್ಮ ಒಳಗೆ ಬಂದು ಬಟ್ಟೆ ಬದಲಾಯಿಸಿ ಆಲೂಗಡ್ಡೆ ಹೆಚ್ತಿದ್ರೂ ಅವು ಅಲ್ಲೇ ಇದ್ವು, ಅಮ್ಮನ್ನ ಅಲ್ಲೇ ಬಿಟ್ಟು ಬಂದಿದೀವೇನೋ ಅನ್ನಿಸಿ ನಾನು ಪರದೆ ಬಿಟ್ಟು ಕದಲಲಿಲ್ಲ.

ಎಕ್ಸ್‌ಕ್ಯೂಸ್ ಮಿ, ಎಷ್ಟು ಚೆನ್ನಾಗಿ ಮಾಡ್ತೀರಾ! — ಯಾರಪ್ಪ ಇದು, ಓ, ಆಚೆ ಮನೆಗೆ ಹೊಸದಾಗಿ ಬಂದ ಬಿಳಿ ಹುಡುಗಿ, ಹ್ಯಾಡ್ಲಿ ಅಂತ ಹೆಸರು, ನಾಯಿಗೆ ಸ್ವೆಟರ್ ಹಾಕ್ತಾಳೆ, ದೂರದಿಂದ ಕೈ ಬೀಸಿದಾಳೆ ಒಂದೆರಡು ಸಲ, ಇವತ್ತು ತಲೆಗೆ ಬಟ್ಟೆ ಕಟ್ಟಿದೀನಲ್ಲ, ಗುರುತು ಸಿಕ್ಕಿಲ್ಲ ಪುಣ್ಯಾತ್ಗಿತ್ತಿಗೆ. ಬೇರೆ ಮನೆಗಳಿಗೂ ಮಾಡಿಕೊಡ್ತೀರಾ? ನಮ್ಮ ಮೆಟ್ಟಿಲು ಹಸಿರು ಹಿಡಿದುಬಿಟ್ಟಿದೆ, ಇಲ್ಲಿ ಮುಗಿದ ಮೇಲೆ ಒಂಚೂರು ಬರೋಕಾಗುತ್ತಾ? ಅಯ್ಯೋ ಯೇಸುವೇ ಅನ್ನಬೇಕು, ಎಪ್ಪತ್ತು ವರ್ಷ ದಾಟಿದ ಮೇಲೂ ಅದೇ ಬೀದಿ, ಅದೇ ಕಲ್ಲು, ಅದೇ ಮಾತು, ಶೀಶೆ ಒಂದು ತರಲಿಲ್ಲ ಅಷ್ಟೆ. ಬೈಯೋಣ ಅಂತ ಬಾಯಿ ತೆಗೆದೆ, ನಗು ಬಂತು, ಈ ನಗು ಲೂವೇನಿಯಾ ಚಿಕ್ಕಮ್ಮಂದು, ಅವಳದೇ ಬಳುವಳಿ. ಈ ಮನೆಯವರನ್ನ ಕೇಳಬೇಕಮ್ಮ, ಅಂದೆ. ಹೇಗಿದಾರೆ ಅವರು, ಒಳ್ಳೆಯವರಾ? ಚಿಕ್ಕಂದಿನಿಂದ ಗೊತ್ತು ನನಗೆ, ಮುದುಕಿ ಬಾಯಿ ಜೋರು, ಯಾರನ್ನೂ ಸುಮ್ನೆ ಬಿಡೋಳಲ್ಲ, ಆದ್ರೆ ಹೊಟ್ಟೆತುಂಬಾ ಊಟ ಹಾಕ್ತಾಳೆ. ಒಳಗಿದಾರಾ ಈಗ? ಇಲ್ಲ, ಹೊರಗೆ ಮೆಟ್ಟಿಲು ಉಜ್ತಾ ಇದಾಳೆ. ಒಂದು ಗಳಿಗೆ ಬೇಕಾಯ್ತು ಅವಳಿಗೆ. ಆಮೇಲೆ ಕುತ್ತಿಗೆಯಿಂದ ಹತ್ತಿ ಕಿವಿವರೆಗೆ ಬೆಂದ ಏಡಿ ಬಣ್ಣ, ಓ ಗಾಡ್, ಸಾರಿ, ತುಂಬಾ ತುಂಬಾ ಸಾರಿ, ನಾಯಿ ನನ್ನ ಬಕೆಟ್ಟಿಗೆ ಬಾಯಿ ಹಾಕಿತು, ನಾನು ಹೇಳಿದೆ, ಬಿಡು ಕಂದ, ನನಗೆ ಇದು ಹೊಸದಲ್ಲ, ನಾನು ನಮ್ಮವರ ಮೆಟ್ಟಿಲು ಮಾತ್ರ ಉಜ್ಜೋದು, ಇದೊಂದು ನಮ್ಮದು, ದೇವರು ದೊಡ್ಡವನು, ಮಧ್ಯಾಹ್ನದ ಹೊತ್ತಿಗೆ ಅದೂ ನಮ್ಮದಾಗುತ್ತೆ. ಅಂತ ಎದುರುಮನೆ ತೋರಿಸಿದೆ. ತೋರಿಸಬಾರದಿತ್ತು. ಓ, ಅದಾ, ಅಂದ್ಲು, ಮುಖ ಇನ್ನೂ ಸಣ್ಣದಾಯ್ತು, ನಮ್ಮಣ್ಣನೂ ಅದನ್ನೇ ಕೇಳಿದಾನೆ, ಮೊದಲು ಬಂದವರು ಇವತ್ತು ಸಹಿ ಹಾಕದೇ ಹೋದ್ರೆ ನಿನಗೇ ಅಂದಿದಾರಂತೆ ಅದನ್ನ ರಿಪೇರಿ ಮಾಡಿಸಿ ಮಾರ್ತಿರೋ ಕಂಪನಿಯವರು, ಅವನು ಅಲ್ಲೇ ಹತ್ರದಲ್ಲೇ ಕಾಯ್ತಾ ಇದಾನೆ. ಬಕೆಟ್ಟನ್ನ ನನ್ನ ಕಡೆಗೆ ಎಳ್ಕೊಂಡೆ. ಅವಳದೇನು ತಪ್ಪು, ಮನೆ ಬೇಕು ಅನ್ನೋದು ಯಾರ ತಪ್ಪೂ ಅಲ್ಲ, ನನಗೂ ಬೇಕು, ಅವಳಣ್ಣನಿಗೂ ಬೇಕು, ಆದ್ರೆ ಅವಳಣ್ಣನ ತಾಯಿ ಅಲ್ಲಿ ಮಂಡಿಯೂರಿಲ್ಲವಲ್ಲ. ನಾಯಿ ಎಳ್ಕೊಂಡು ಹೋಯ್ತು ಅವಳನ್ನ, ತಿರುಗಿ ತಿರುಗಿ ಸಾರಿ ಅಂತಾನೇ ಹೋದ್ಲು.

ಯಾಕೆ ಹೋದೆ, ಅಂದ ಅಪ್ಪ ಆವತ್ತು ಸಂಜೆ, ಊಟದ ಮೇಜಿಗೆ ಕೈ ಅಪ್ಪಳಿಸಿದ, ನನ್ನ ಹೆಂಡತಿ ಇನ್ನೊಬ್ಬರ ಹೊಸಿಲು ತೊಳೀಬಾರದು ಅಂತ ತಾನೇ ನಾನು ಬೆಂಕಿ ಮುಂದೆ ನಿಲ್ಲೋದು. ಅಮ್ಮ ಅವನ ತಟ್ಟೆಗೆ ಇನ್ನೊಂದು ಮೀನು ಹಾಕಿದ್ಲು. ಮನೆ ಉಳಿಸ್ಕೊಳ್ಳೋಕೆ ಹೋದೆ ರಾಸ್ಕೋ, ಇಲ್ಲ ಅಂದಿದ್ರೆ ಅವಳಿಗೆ ಅನುಮಾನ ಬರ್ತಿತ್ತು, ಒಂದು ಸಲ ಹೋದೆ, ಮುಗೀತು, ಇನ್ಮೇಲೆ ಆ ಕಲ್ಲನ್ನ ನನ್ನ ರಕ್ತದವರು ಯಾರೂ ಮುಟ್ಟಕೂಡದು, ಮುಟ್ಟಿದ್ರೆ ಅದು ನಮ್ಮದಾದ ದಿನ ಮುಟ್ಟಬೇಕು. ಅಪ್ಪನಿಗೆ ಸಿಟ್ಟಲ್ಲೂ ನಗು ಬಂತು, ಹಾಗಾದ್ರೆ ಸತ್ತರೂ ಮುಟ್ಟಲ್ಲ ಅನ್ನು. ಅಲ್ಲಿಂದ ಅದು ನಮ್ಮ ಮನೆ ಗಾದೆ ಆಗಿಹೋಯ್ತು, ಅಪ್ಪ, ನನಗೆ ಸ್ಕೇಟಿಂಗ್ ಶೂ ಯಾವಾಗ ಕೊಡಿಸ್ತೀಯಾ, ಟ್ರಾಟ್ನರ್ ಮೆಟ್ಟಿಲು ನಮ್ಮದಾದಾಗ, ಅಪ್ಪ, ನಾವು ಕಾರು ಯಾವಾಗ ತಗೊಳ್ಳೋದು, ಟ್ರಾಟ್ನರ್ ಮೆಟ್ಟಿಲು ನಮ್ಮದಾದಾಗ, ಅಂದ್ರೆ ಯಾವತ್ತೂ ಇಲ್ಲ, ಸುಮ್ನೆ ಹೋಗಿ ಮಲ್ಕೋ ಅಂತ ಅರ್ಥ. ಚೆಂಡು ಉರುಳಿ ಆ ಕಡೆ ಹೋದ್ರೂ ನಾನು ಆ ಕಲ್ಲಿಗೆ ಕೈ ತಗುಲಿಸದ ಹಾಗೆ ಕಾಲಲ್ಲೇ ಎಳ್ಕೊಂಡು ಬರ್ತಿದ್ದೆ. ಕಾರ್ಲಿಸ್‌ಗೂ ಅದೇ ಹೇಳಿ ಬೆಳೆಸಿದ್ದು. ಹಣ್ಣಿನ ಕುದುರೆಗಾಡಿ ಬರೋದಲ್ಲ ಬೀದಿಗೆ, ಕಲ್ಲಂಗಡಿ ಟೊಮೇಟೊ ಅಂತ ರಾಗವಾಗಿ ಕೂಗ್ಕೊಂಡು, ಕುದುರೆಗೆ ಗೆಜ್ಜೆ, ಕೆಂಪು ಗರಿ, ಇವಳು ಅದರ ಹಿಂದೆ ಮೂರು ಬೀದಿ ಓಡೋಳು, ಅಜ್ಜಿ, ನನಗೊಂದು ಕುದುರೆ ಕೊಡಿಸು, ಹ್ಞೂ ಕೊಡಿಸ್ತೀನಿ, ಟ್ರಾಟ್ನರ್ ಮೆಟ್ಟಿಲು ನಮ್ಮದಾದಾಗ. ಐದು ವರ್ಷದ ಮಗು, ಸೊಂಟದ ಮೇಲೆ ಕೈಯಿಟ್ಕೊಂಡು ಎದುರುಮನೆ ನೋಡಿ, ಅದು ಎಷ್ಟು ದಿನಕ್ಕಾಗುತ್ತೆ ಅಜ್ಜಿ, ಅಂತು. ನಾವೆಲ್ಲ ನಕ್ಕೆವು, ಅಮ್ಮ ಮಾತ್ರ ನಗಲಿಲ್ಲ, ಒಳ್ಳೇ ಪ್ರಶ್ನೆ ಕಣೇ, ಅಂದ್ಲು.

ಟೋಪಿ. ಟೋಪಿ ದಿನ ನೆನೆಸ್ಕೊಂಡ್ರೆ ಈ ಮಂಡಿ ನೋವೂ ಮರೆತುಹೋಗುತ್ತೆ. ಕಾಗದ ಅಮ್ಮನ ಹೆಸರಿಗೆ ಬಂತು, ಅದರ ಮಾರನೇ ಶನಿವಾರ ಅಮ್ಮ ಎಲ್ಲರಿಗಿಂತ ಮುಂಚೆ ಎದ್ದು ಮೆಟ್ಟಿಲು ಉಜ್ಜಿ, ಸ್ನಾನ ಮಾಡಿ, ಈಸ್ಟರ್ ಹಬ್ಬಕ್ಕೆ ಅಂತ ಇಟ್ಟಿದ್ದ ನೇರಳೆ ಟೋಪಿ ಹಾಕ್ಕೊಂಡು, ಹಬ್ಬದ ಪಿಂಗಾಣಿ ಕಪ್ಪಲ್ಲಿ ನಿಂಬೆ ಶರಬತ್ತು ಹಿಡ್ಕೊಂಡು, ಮೇಲಿನ ಮೆಟ್ಟಿಲ ಮೇಲೆ, ನಟ್ಟನಡುವೆ, ರಾಣಿ ಹಾಗೆ ಕೂತ್ಲು. ಪಕ್ಕದಲ್ಲಿ ಲೂವೇನಿಯಾ ಚಿಕ್ಕಮ್ಮ, ಅವಳ ಕೈಲೂ ಅಂಥದೇ ಪಿಂಗಾಣಿ. ನನ್ನನ್ನ ಕೆಳಗಿನ ಮೆಟ್ಟಿಲ ಮೇಲೆ ಕೂರಿಸಿದ್ಲು, ಜಡೆಗೆ ರಿಬ್ಬನ್ ಕಟ್ಟಿ, ನೋಡಲಿ ಎಲ್ಲರೂ ಅಂತ, ಬೀದಿಯ ಗರಗರ ಒಂದೊಂದೇ ನಿಂತ್ಹೋಯ್ತು. ಟ್ರಾಟ್ನರಮ್ಮ ಬಂದ್ಲು ನೋಡಿ, ತೋಳು ಮಡಿಸ್ಕೊಂಡು, ಏ ಹುಡುಗಿ, ಇಲ್ಲಿ ಕೂತಿದೀಯಲ್ಲ, ನಿಮ್ಮಮ್ಮನೋರಿಗೆ ಗೊತ್ತಾ? ಗೊತ್ತು ತಾಯಿ, ಅಂದ್ಲು ಅಮ್ಮ, ಅವರೂ ಇಲ್ಲೇ ಕೂತಿದಾರೆ. ಆ ಯಮ್ಮ ಚಿಕ್ಕಮ್ಮನ ಕಡೆ ತಿರುಗಿ, ಓ, ನೀವಾ, ನಮಸ್ಕಾರ, ನಾನು ಎದುರುಮನೆ, ಕೆಲಸದವಳನ್ನ ಇಷ್ಟು ಸಲಿಗೆಗೆ ಬಿಡಬಾರದು ಕಣ್ರೀ, ಅಂತ ಕೈ ಚಾಚಿದ್ಲು, ಚಿಕ್ಕಮ್ಮ ಕಪ್ಪಿಂದ ಒಂದು ಗುಟುಕು ಕುಡಿದು, ಬಾಯಿ ಒರೆಸ್ಕೊಂಡು, ನಾನಲ್ಲಮ್ಮ ಮನೆ ಯಜಮಾನಿ, ನಾನು ಅವಳ ತಂಗಿ, ಅಂದ್ಲು. ಅಬ್ಬಬ್ಬಾ! ಆ ಕೈ ಗಾಳಿಯಲ್ಲೇ ನಿಂತುಬಿಡ್ತು, ಒಬ್ಬಳ ಮುಖ ನೋಡ್ತಾಳೆ, ಇನ್ನೊಬ್ಬಳ ಮುಖ ನೋಡ್ತಾಳೆ, ಮತ್ತೆ ಇವಳದು, ಮತ್ತೆ ಅವಳದು, ಕರಿದು, ಬಿಳಿದು, ಕರಿದು, ಬಿಳಿದು, ಆ ಮೂಗು ಒಂದೇ, ಆ ಗಲ್ಲ ಒಂದೇ. ಶರಬತ್ತು ತಗೋತೀರಾ ತಾಯಿ, ಅಂದ್ಲು ಅಮ್ಮ, ಒಳ್ಳೇ ಕಪ್ಪಲ್ಲೇ ಕೊಡ್ತೀನಿ. ನನ್ನ ಜನ್ಮದಲ್ಲಿ ಅಷ್ಟು ಸಿಹಿಯಾದ ಮಾತು ನಾನು ಮತ್ತೆ ಕೇಳಿಲ್ಲ.

ಆಮೇಲೆ ಬಿಳಿಯರು ಗುಳೆ ಎದ್ದರಲ್ಲ. ಕೋಟು ಹಾಕಿದ ದಲ್ಲಾಳಿ ಒಬ್ಬ ಬಾಗಿಲು ಬಾಗಿಲು ತಟ್ಟಿದ, ಕರಿಯರು ಬಂದ್ರು, ಈಗ ಮಾರಿದ್ರೆ ಉಂಟು, ನಾಳೆ ಮಾರಿದ್ರೆ ಇಲ್ಲ, ಅಂತ ಅವರನ್ನ ಹೆದರಿಸಿ ಅಗ್ಗಕ್ಕೆ ತಗೊಂಡು, ನಮ್ಮವರಿಗೆ ದುಬಾರಿಗೆ ಮಾರಿದ, ಅವನಿಗೆ ಬಣ್ಣಗಿಣ್ಣ ಏನೂ ಇರಲಿಲ್ಲ, ಬರೀ ಜೇಬು. ಒಂದು ಬೇಸಿಗೆ ಕಳೆಯೋದರಲ್ಲಿ ಸಾಮಾನಿನ ಲಾರಿಗಳು ಸಾಲಾಗಿ ಹೋದ್ವು, ಸಾಲಾಗಿ ಬಂದ್ವು, ಹೋಗೋ ಮಂಚ ಬರೋ ಮಂಚ ದಾರಿಯಲ್ಲಿ ಒಂದಕ್ಕೊಂದು ಗುದ್ದಾಡ್ತಿದ್ವು, ಟೀಚರ್ ಬಂದ್ರು, ಅಂಚೆಯವನು ಬಂದ, ರೈಲಲ್ಲಿ ಹಾಸಿಗೆ ಹಾಸೋ ಕೆಲಸದ ಪೆಟಿಫೋರ್ಡ್ ಮಾಮ ಬಂದ, ಎಲ್ಲರದೂ ಸ್ವಂತ ಮನೆ, ಎಲ್ಲರಿಗೂ ಬಿಳಿ ಮೆಟ್ಟಿಲು. ಟ್ರಾಟ್ನರಮ್ಮ ಕೊನೇಲಿ ಹೋದ್ಲು, ಮಾರಲಿಲ್ಲ, ನಿಮ್ಮಂಥವರಿಗೆ ಮಾರೋಕಿಂತ ಕೊಳೆಯಲಿ ಅಂತ, ಬಾಡಿಗೆಗೆ ಬಿಟ್ಟು ಹೋದ್ಲು. ನಾವು ಕೊಳೆಯಲಿಲ್ಲ. ಆ ಶನಿವಾರಗಳು! ಬೀದಿ ಉದ್ದಕ್ಕೂ ನಮ್ಮ ಹೆಂಗಸರೇ ಮಂಡಿಯೂರಿ, ಯಾರ ಮೆಟ್ಟಿಲು ಜಾಸ್ತಿ ಬಿಳಿ ಅಂತ ಜಗಳ, ಹಾಡು, ಚಾಡಿ, ಎಮ್ಮಲೀನ್, ನಿಂದು ಇನ್ನೂ ಹಳದಿ ಕಣೇ, ನಿನ್ನ ಗಂಡನ ಹಲ್ಲಿಗಿಂತ ವಾಸಿ ಬಿಡೇ, ಸಂಜೆಗೆ ಅದೇ ಮೆಟ್ಟಿಲ ಮೇಲೆ ಪೇಪರ್ ಹಾಸಿ ಏಡಿ ಒಡೆಯೋದು, ಇಸ್ಪೀಟು, ರೇಡಿಯೋ. ಈ ಊರಿನ ಹಳೇ ಬೀದಿ ಅಂತ ಈಗ ಫೋಟೋ ಹೊಡ್ಕೋತಾರಲ್ಲ, ಅದನ್ನ ಹಳೇದಾಗೋವರೆಗೆ ಉಳಿಸಿದವರು ನಾವು ಕಣ್ರೋ. ಕಾರ್ಖಾನೆ ಸೊರಗಿತು, ಗಲಭೆ ಎದ್ದು ಊರು ಹೊತ್ತಿ ಉರೀತು ಒಂದು ವಸಂತದಲ್ಲಿ, ಮಕ್ಕಳು ಹೊರಗಡೆ ಬಡಾವಣೆಗೆ ಹೋದ್ರು, ಮನೆಗಳಿಗೆ ಹಲಗೆ ಬಡಿದ್ರು, ಟ್ರಾಟ್ನರ್ ಮನೆ ಸೂರಿಂದ ಮರ ಎದ್ದಿತ್ತು, ಅದರ ಮೆಟ್ಟಿಲು ಕಲ್ಲಿದ್ದಲ ಬಣ್ಣ, ಅಂಥ ವರ್ಷಗಳಲ್ಲೂ ಅಮ್ಮ ಶನಿವಾರ ತಪ್ಪಿಸಲಿಲ್ಲ, ಒಬ್ಬಳೇ ಗರಗರ ಗರಗರ, ಯಾರಿಗೋಸ್ಕರಮ್ಮ, ಯಾರು ನೋಡ್ತಾರೆ, ಅಂದ್ರೆ, ನಾನು ನೋಡ್ತೀನಲ್ಲ, ಅನ್ನೋಳು. ಕಣ್ಣು ಹೋದ ಮೇಲೂ ಕಿಟಕಿ ಹತ್ರ ಕೂರಿಸು ಅನ್ನೋಳು, ಕೊನೇ ಚಳಿಗಾಲದಲ್ಲಿ ಒಂದಿನ ಕೇಳಿದ್ಲು, ವರ್ಲೀನ್, ಆ ಕಡೆ ಇಟ್ಟಿಗೆ ಒಣಗ್ತಾ? ಅವಳೂ ಅದನ್ನೇ ನೋಡ್ತಿದ್ಲಾ ಇಷ್ಟು ವರ್ಷ. ಒಣಗ್ತಮ್ಮ, ಅಂದೆ. ಸುಳ್ಳು, ಅಂದ್ಲು ಅಮ್ಮ.

ಫೋನು! ಒದ್ದೆ ಕೈ, ಜಾರ್ತಿದೆ, ಹಲೋ, ಹಲೋ ಕಾರ್ಲಿಸ್ — ನಮಸ್ಕಾರ ಮೇಡಂ, ತಾವು ನಿಮ್ಮ ಮನೆ ಮಾರೋ ಯೋಚನೆ ಮಾಡಿದ್ರೆ ಕೂಡಲೇ ನಗದು — ಥೂ ನಿನ್ನ, ಮಾರ್ತೀನಪ್ಪ, ಮೊದಲು ನಿಮ್ಮಮ್ಮನ ಮನೆ ನನಗೆ ಮಾರು, ಆಮೇಲೆ ನೋಡೋಣ, ಇಟ್ಟ ಫೋನು. ವಾರಕ್ಕೆ ಎಷ್ಟು ಜನ, ಒಂದು ಕಾಲಕ್ಕೆ ನಾವು ಬಂದ್ವಿ ಅಂತ ಮಾರಿ ಓಡಿದ್ರು, ಈಗ ನೀವು ಮಾರಿ ಓಡಿ, ನಾವು ಬರ್ತೀವಿ ಅಂತಾರೆ, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರಲ್ಲ, ಇಲ್ಲಿ ಎರಡೂ ಕಾಲ ಅವರಿಗೇ ಬೇಕು. ಚರ್ಚಿನ ಗಂಟೆ ಹನ್ನೆರಡು ಹೊಡೀತು. ಹೊಡೆದು ಮುಗೀತು. ಹೋಗ್ಲಿ ಬಿಡು ವರ್ಲೀನ್, ಇನ್ನೂ ಸಣ್ಣವಳು, ಬೇರೆ ಮನೆ ನೋಡ್ತಾಳೆ, ಇಲ್ಲ, ಹೋಗ್ಲಿ ಬಿಡು ಅನ್ನೋಕೆ ನಾಲಿಗೆ ಹೊರಳ್ತಿಲ್ಲ, ಸಹಿ ಹಾಕೋ ಮೇಜಿನ ಮುಂದೆ ಅವಳು ತನ್ನ ಮುಖ ಹೊತ್ಕೊಂಡೇ ಹೋಗಿದಾಳೆ, ಅಮ್ಮನದೇ ಬಾಣಲೆ ಬಣ್ಣ, ಕೈಗವಸಿಲ್ಲ, ಜಾಲರಿ ಇಲ್ಲ, ಮುಂದೆ ಕಳಿಸೋಕೆ ಬೆಳ್ಳಗಿರೋ ಚಿಕ್ಕಮ್ಮ ಇಲ್ಲ, ತನ್ನ ಹೆಸರು ತಾನೇ ಬರೀತೀನಿ ಅಜ್ಜಿ ಅಂದಿದ್ಲು, ಬರೆದ್ಲಾ, ಬಿಟ್ರಾ — ಅಗೋ. ಮೂಲೆ ತಿರುಗ್ತಾ ಇದಾಳೆ. ಕಾರಿಲ್ಲ, ನಡ್ಕೊಂಡು, ತಲೆ ತಗ್ಗಿಸಿದಾಳೆ, ಕೈ ಎರಡೂ ಜೇಬಲ್ಲಿ, ಅಯ್ಯೋ ಹೋಯ್ತು, ಹೋಯ್ತು ಅಮ್ಮ, ಅದಕ್ಕೇ ಫೋನ್ ಮಾಡಲಿಲ್ಲ ಮಗು, ನಾನು ಅಳಬಾರದು, ಅವಳ ಮುಂದೆ ಅಳಬಾರದು, ಮೀನು ಕರಿದಿಟ್ಟಿದೀನಿ ಬಾ ಅನ್ನಬೇಕು, ಬಂದ್ಲು, ಮೆಟ್ಟಿಲ ಕೆಳಗೆ ನಿಂತ್ಲು, ಆ ಕಡೆ ನೋಡಿದ್ಲು ಈ ಕಡೆ ನೋಡಿದ್ಲು, ಏನೋ ಹುಡುಕೋ ಹಾಗೆ, ಸೊಂಟದ ಮೇಲೆ ಕೈಯಿಟ್ಲು. ಅಜ್ಜಿ, ಕುದುರೆ ಎಲ್ಲಿ?

ಏನು ಕುದುರೆ — ನನ್ನ ಕುದುರೆ ಅಜ್ಜಿ, ಕೊಡಿಸ್ತೀನಿ ಅಂದಿದ್ಯಲ್ಲ, ಅಂತ ಜೇಬಿಂದ ಕೈ ತೆಗೆದ್ಲು, ಬೀಗದಕೈ, ಹಿತ್ತಾಳೆಯದು, ಬಿಸಿಲಿಗೆ ಮಿರಮಿರ ಅಂತಿದೆ, ಕಳ್ಳಮುಂಡೆ, ನನ್ನ ಎದೆ ನಿಲ್ಲಿಸಿಬಿಟ್ಟಿದ್ಯಲ್ಲೇ, ಅಂತ ಒದ್ದೆ ಬಟ್ಟೆಯಲ್ಲೇ ಹೊಡೆದೆ, ಹೊಡೀತಾ ಹೊಡೀತಾ ತಬ್ಬಿಕೊಂಡೆ, ಇಬ್ಬರೂ ಅಳ್ತಾ ಇದೀವೋ ನಗ್ತಾ ಇದೀವೋ, ಕಿರುಚಿದೆ ನಾನು, ಬಸ್ಸಲ್ಲಿ ಹಿಂದಿನ ಸೀಟಿಗೆ ಕೇಳೋ ಹಾಗೆ ಕಿರುಚ್ತಿದ್ದೆನಲ್ಲ ಹಾಗೆ, ಐಡೆಲ್ಲಾ ಗ್ಯಾಸ್ಕಿನ್ಸ್, ಕೇಳಿಸ್ತಾ, ಆಯ್ತಮ್ಮ, ಆಯ್ತು! ಕಿಟಕಿಗಳು ತೆರೆದ್ವು, ಹ್ಯಾಡ್ಲಿ ನಾಯಿ ಸಮೇತ ಹೊರಗೆ ಬಂದ್ಲು, ಬೀಗದಕೈ ನೋಡಿದ್ಲು, ಅವಳ ಮುಖ ಒಂದು ಗಳಿಗೆ ಬಾಡಿತು, ಆಮೇಲೆ, ಒಳ್ಳೇ ಹುಡುಗಿ, ಚಪ್ಪಾಳೆ ತಟ್ಟಿದ್ಲು, ನನಗೂ ಉಜ್ಜೋದು ಹೇಳಿಕೊಡ್ತೀರಾ, ಅಂದ್ಲು, ನಾಳೆ ಶನಿವಾರ ಬಾ ಕಂದ, ಬಕೆಟ್ಟು ನಿಂದು, ಮಂಡಿ ನಿಂದು, ಬೈಗುಳ ನಂದು. ಬಾಗಿಲು ತೆಗಿ ಅಜ್ಜಿ, ನೀನೇ ಮೊದಲು ಒಳಗೆ ಹೋಗು, ಅಂತಾಳೆ ಕಾರ್ಲಿಸ್, ಇರೇ, ಬಾಗಿಲೆಲ್ಲಿಗೆ ಓಡಿಹೋಗುತ್ತೆ, ಬಕೆಟ್ಟು ಹಿಡಿ, ಹೊಸ ನೀರು ತಾ, ಬಿಸಿದು. ಬೀದಿ ದಾಟಿದೆ. ಇಷ್ಟು ವರ್ಷ ಕಾಲಲ್ಲಿ ಚೆಂಡು ಎಳೆದ ಜಾಗ, ಮರ ಕಡಿದಿದಾರೆ, ಬಾಗಿಲಿಗೆ ಹೊಸ ಬಣ್ಣ, ಕಲ್ಲು ಮಾತ್ರ ಹಳೇದೇ, ಮಸಿ ಹಿಡಿದಿದೆ, ಕೂತೆ, ನಿಧಾನಕ್ಕೆ, ಒಂದು ಮಂಡಿ, ಇನ್ನೊಂದು ಮಂಡಿ, ಕೈಯಿಟ್ಟೆ ಅದರ ಮೇಲೆ, ಮೊದಲ ಸಲ, ತಣ್ಣಗಿದೆ, ಬರೀ ಕಲ್ಲು, ಇಷ್ಟೇನಾ. ನೀರು, ಪುಡಿ, ಒಂದೇ ದಿಕ್ಕಿಗೆ, ಸುತ್ತಿಸಬೇಡ, ಕಪ್ಪು ನೀರು ಇಳೀತು, ಬೂದಿ ನೀರು ಇಳೀತು, ಅಡಿಯಿಂದ ಬಿಳಿ ಎದ್ದು ಬಂತು, ಅಮ್ಮ ಉಜ್ಜಿದ ಬಿಳಿ, ಕಾರ್ಲಿಸ್ ಬಕೆಟ್ಟು ಎತ್ತಿ ಒಂದೇ ಸಲ ಸುರಿದ್ಲು, ಕೈ ಕೊಟ್ಟು ನನ್ನನ್ನ ಎಬ್ಬಿಸಿದ್ಲು, ಬಾ ಅಜ್ಜಿ ಒಳಗೆ, ಬಾ, ಅಂತಾಳೆ, ಬರ್ತೀನಿ, ಇರು, ತಿರುಗಿ ಕೆಳಗೆ ನೋಡಿದೆ, ಇಟ್ಟಿಗೆ ಮೇಲೆ, ನಾನು ಎದ್ದ ಜಾಗದಲ್ಲಿ, ದುಂಡಗೆ, ಸಾಸರಿನಗಲ, ಪಕ್ಕಪಕ್ಕ, ಎರಡು ಒದ್ದೆ ಗುರುತು, ಅಮ್ಮ, ನಮ್ಮ ಮನೆ ಮುಂದೆ, ಎರಡು ಒದ್ದೆ ಗುರುತು —